ನಡುವೆ ಕೂತವಳ ದನಿ

ಮೂರನೇ ಸಲ ಹಾಕಿದಾಗಲೂ ಹಾಗೇ ಆಯಿತು. ಮೊದಲು ಬಳೆಗಳ ಸದ್ದು, ಯಾರದೋ ಕೆಮ್ಮು, ದೂರದಲ್ಲೆಲ್ಲೋ ಒಂದು ಕರು ಕೂಗಿದ್ದು. ಆಮೇಲೆ ಹತ್ತು ಸೆಕೆಂಡು ಏನೂ ಇಲ್ಲ. ಅದರ ಹಿಂದೆಯೇ ಏಳೆಂಟು ಹೆಂಗಸರು ಒಟ್ಟಾಗಿ ‘ಸೋಬಾನೆ’ ಎಂದು ದನಿ ಎಳೆದರು. ಮತ್ತೆ ಖಾಲಿ. ಮತ್ತೆ ಸೋಬಾನೆ. ಯಾರೂ ಏನೂ ಹೇಳದಿದ್ದರೂ ಹೂಂಗುಟ್ಟುವವರ ಹಾಗೆ ಆ ಹೆಂಗಸರು ಹಾಡುತ್ತಲೇ ಇದ್ದರು.

ಲತಾಮಣಿ ಹಾಡು ನಿಲ್ಲಿಸಿದಳು. ಮೌಸನ್ನು ಬಿಟ್ಟು ಎದ್ದಳು, ಕಿಟಕಿಯವರೆಗೆ ಹೋದಳು, ಬಂದು ಮತ್ತೆ ಕೂತಳು. ಆ ಹೆಂಗಸರ ಮುಂದೆ ಕೂತು ಸಾಲು ಎತ್ತಿಕೊಡುತ್ತಿದ್ದವಳು ಅವಳ ಅವ್ವ ಮುನಿಯಮ್ಮ. ಫೈಲಿನಲ್ಲಿ ಎಲ್ಲರೂ ಇದ್ದರು, ಕರುವೂ ಇತ್ತು. ಅವ್ವ ಒಬ್ಬಳೇ ಇರಲಿಲ್ಲ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಬಾಲರಾಜುವಿನ ಮಗಳು ಪ್ರತಿಮಾಳನ್ನು ಹಸೆಗೆ ಕೂರಿಸಬೇಕು. ವಿರೂಪಾಕ್ಷಿಪುರದ ಸುತ್ತ ನಲವತ್ತು ವರ್ಷ ಮುನಿಯಮ್ಮನ ಹಾಡಿಲ್ಲದೆ ಯಾರ ಮನೆಯ ಹೆಣ್ಣೂ ಹಸೆಯಿಂದ ಎದ್ದಿರಲಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಅಂದಿನಿಂದ ಅವಳ ಬಾಯಲ್ಲಿ ಬರುವುದು ಬರೀ ಗಾಳಿ. ಪಕ್ಕದಲ್ಲಿ ಕೂತವರಿಗೆ ಮಾತು ತಿಳಿಯುತ್ತದೆ, ಹಾಡು ಮಾತ್ರ ಹೋಯಿತು. ಊರಿನ ಹೆಂಗಸರಿಗೆ ಗೊತ್ತಿರುವುದು ಹಿಂದಿನಿಂದ ಹೇಳುವ ಸಾಲು. ಮುಂದಿನ ಸಾಲು, ಯಾವ ಶಾಸ್ತ್ರಕ್ಕೆ ಯಾವ ಪದ, ಯಾವುದಾದ ಮೇಲೆ ಯಾವುದು, ಇದೆಲ್ಲ ಮುನಿಯಮ್ಮನ ಗಂಟಲಿನಲ್ಲಿತ್ತು. ಆರು ವರ್ಷದ ಹಿಂದೆ ಚಿಕ್ಕಪ್ಪನ ಮಗಳು ವನಜಾಕ್ಷಿಯ ಮದುವೆಯಲ್ಲಿ ಲತಾಮಣಿ ತಾನು ಭೌತಶಾಸ್ತ್ರ ಪಾಠ ಮಾಡುವ ರಾಮನಗರದ ಕಾಲೇಜಿನಿಂದ ಒಂದು ರೆಕಾರ್ಡರ್ ಕೇಳಿ ತಂದು ಅದನ್ನು ಹಿಡಿದಿಟ್ಟಿದ್ದಳು. ಎಪ್ಪತ್ತು ನಿಮಿಷ. ರೆಕಾರ್ಡರ್ ಹಿಂತಿರುಗಿಸುವಾಗ ಅದರ ಕಾರ್ಡನ್ನು ಅಳಿಸಿ ಕೊಟ್ಟಳು. ಉಳಿದದ್ದು ತವರಿನ ಈ ಕಂಪ್ಯೂಟರಿನಲ್ಲಿದ್ದ ಒಂದೇ ಫೈಲು. ಇನ್ನೊಂದು ಕಾಪಿ ಮಾಡಿಟ್ಟುಕೊಳ್ಳಬೇಕು ಎಂದು ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಳು.

ಮುಟ್ಟಲು ಭಯವೂ ಇತ್ತು. ಹಸೆಯ ಪದದಲ್ಲಿ ಮದುವಣಗಿತ್ತಿಯ ಹೆಸರು ಬರುತ್ತದೆ; ಇದರಲ್ಲಿ ಐದು ಕಡೆ ‘ವನಜಾಕ್ಷಿ’ ಎಂದಿತ್ತು. ಪ್ರತಿಮಾಳ ಹಸೆಯಲ್ಲಿ ಇನ್ನೊಬ್ಬಳ ಹೆಸರು ಕೂಗುವುದು ಸರಿಯೇ ಎಂದು ಅವ್ವ ಒಂದು ತಿಂಗಳಿನಿಂದ ಕಸಿವಿಸಿಪಡುತ್ತಿದ್ದಳು. ಕತ್ತರಿಸಿ ತೆಗೆಯುತ್ತೇನೆ ಎಂದಿದ್ದ ಲತಾಮಣಿ, ಇರುವ ಒಂದೇ ಫೈಲಿಗೆ ಕತ್ತರಿ ಹಾಕಲು ಧೈರ್ಯ ಸಾಲದೆ ಹಾಗೇ ಬಿಟ್ಟಿದ್ದಳು.

ಕಂಪ್ಯೂಟರ್ ಇದ್ದದ್ದು ಮನೆಯಲ್ಲಲ್ಲ, ಅಂಗಳದ ಆಚೆಗಿನ ಹುಳದ ಮನೆಯ ಮುಂಗೋಣೆಯಲ್ಲಿ. ಮದುವೆಗೆಂದು ಮನೆಗೆ ಬಣ್ಣ ಹೊಡೆಸುವಾಗ ಅಲ್ಲಿಗೆ ಸಾಗಿಸಿದ್ದು ಅಲ್ಲೇ ಉಳಿದಿತ್ತು. ಒಳಗೆ ತಟ್ಟೆಗಳ ತುಂಬ ರೇಷ್ಮೆಹುಳ. ಲೆಕ್ಕದ ಪ್ರಕಾರ ಚಪ್ಪರದ ಹೊತ್ತಿಗೆ ಗೂಡು ಬಿಡಿಸಿ ಮಾರಿ ಮುಗಿದಿರಬೇಕಿತ್ತು. ಈ ಸಲದ ಚಳಿಗೆ ಹುಳ ನಿಧಾನವಾಗಿ, ಸರಿಯಾಗಿ ಇವತ್ತೇ ಹಣ್ಣಾಗತೊಡಗಿದ್ದವು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿಕೊಂಡು ಎಲ್ಲಿ ಗೂಡು ಕಟ್ಟಲಿ ಎಂದು ತಟ್ಟೆಯ ಅಂಚಿನಲ್ಲೆಲ್ಲ ಅಲೆಯುತ್ತಿದ್ದವು. ಅವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಬಾಲರಾಜು ಬೆಳಗಿನಿಂದ ಬಗ್ಗಿದ ಬೆನ್ನು ಎತ್ತಿರಲಿಲ್ಲ.

ಬಾಗಿಲಲ್ಲಿ ಅಪ್ಪ ದಾಸಪ್ಪ ಕೂತಿದ್ದ. ಎಪ್ಪತ್ತೈದು ವರ್ಷ. ಪಕ್ಕದಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟು. ಹುಳಕ್ಕೆ ರೋಗ ತಾಗದಂತೆ ಒಳಗೆ ಬರುವವರೆಲ್ಲ ಅದರಲ್ಲಿ ಕೈಕಾಲು ಅದ್ದಿಯೇ ಬರಬೇಕು.

ಮೊದಲ ಸಲ ಹಾಕಿದಾಗ ಅವ್ವನೂ ಬಂದು ನಿಂತಿದ್ದಳು. ಕೈಯಲ್ಲಿ ಕುಡುಗೋಲು, ಸೊಪ್ಪು ಕೊಯ್ಯಲು ಹೊರಟವಳು. ಖಾಲಿ ಜಾಗ ಬಂತು, ಹೆಂಗಸರು ಸೋಬಾನೆ ಎಂದರು. ಅವ್ವ ಒಮ್ಮೆ ಸ್ಪೀಕರನ್ನು ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. ಇನ್ನೊಂದು ಖಾಲಿ ಜಾಗದವರೆಗೆ ಕಾದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟದ ಕಡೆ ನಡೆದುಬಿಟ್ಟಳು. ಏನಾದರೂ ಅಂದಿದ್ದರೆ ಲತಾಮಣಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ಅವಳು ಕ್ರಮವಾಗಿ ಯೋಚಿಸಲು ನೋಡಿದಳು. ಸ್ಪೀಕರ್ ಕೆಟ್ಟಿದೆಯೆ? ಮದುವೆಗೆಂದು ಹಾಕಿಸಿಟ್ಟಿದ್ದ ನಾದಸ್ವರದ ಫೈಲನ್ನು ಹಾಕಿದಳು. ಸ್ವಲ್ಪ ತೆಳ್ಳಗೆ ಅನ್ನಿಸಿದರೂ ನಾದಸ್ವರ ಕೇಳಿಸಿತು. ಪ್ರತಿಮಾ ತನ್ನ ಇಯರ್‌ಫೋನ್ ತಂದು ಬಾಗಿಲಾಚೆಯಿಂದಲೇ ಚಾಚಿದಳು.

“ಇದ್ರಲ್ ಕೇಳಿ ಅತ್ತೆ. ಅದು ಹಳೇ ಡಬ್ಬ.”

ಅದನ್ನು ದಾಸಪ್ಪ ಬಕೆಟ್ಟಿನ ನೀರಿನ ಬಟ್ಟೆಯಿಂದ ಒರೆಸಿಯೇ ಒಳಗೆ ಬಿಟ್ಟ. ಅದೇ ತೂತಿಗೆ ಸಿಕ್ಕಿಸಿ ಕೇಳಿದಳು; ಅದೇ ಖಾಲಿ. ಮುಂದುಗಡೆ ಇನ್ನೊಂದು ತೂತಿತ್ತು, ಆದರೆ ಜೋಡಿಸಿದವನು ಅದಕ್ಕೆ ಒಳಗಿನಿಂದ ತಂತಿಯನ್ನೇ ಕೊಟ್ಟಿರಲಿಲ್ಲ. ಸ್ಪೀಕರ್ ಬದಲಾದರೂ ದೋಷ ಬದಲಾಗಲಿಲ್ಲ, ನಾದಸ್ವರ ಬರುತ್ತದೆ, ಅಂದರೆ ದೋಷ ಫೈಲಿನಲ್ಲೇ ಇದೆ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳಿಕೊಡುವ ದಾರಿ ಇದೇ. ಫೈಲಿನಲ್ಲಿ ಒಬ್ಬರ ದನಿ ಮಾತ್ರ ತಾನಾಗಿ ಅಳಿಸಿಹೋಗುವುದಿಲ್ಲ. ಯಾರೋ ಅಳಿಸಿರಬೇಕು.

“ಬಾಲ,” ಎಂದು ಕರೆದಳು.

ಬಾಲರಾಜು ಒಳಗಿನಿಂದ ಬಂದ. ತೋಳಿನ ಮೇಲೆ ಒಂದು ಹಣ್ಣುಹುಳ ಹತ್ತಿಕೊಂಡಿತ್ತು. “ಏನಕ್ಕ, ಸಿಕ್ತಾ ಅವ್ವ?”

“ನೀನು ಈ ಫೈಲ್ ಮುಟ್ಟಿದ್ದೆಯಾ?”

“ನಾನ್ಯಾಕ್ ಮುಟ್ಲಿ?”

“ನಿನ್ದೊಂದು ಸಾಫ್ಟ್‌ವೇರ್ ಇತ್ತಲ್ಲ. ಸಿನಿಮಾ ಹಾಡಲ್ಲಿ ಹಾಡೋರ ದನಿ ತೆಗೆದು ಬರೀ ಮ್ಯೂಸಿಕ್ ಉಳಿಸೋದು.”

ಬಾಲರಾಜು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಆ ಸಾಫ್ಟ್‌ವೇರ್ ಹಾಕಿಕೊಂಡಿದ್ದು ಅದಕ್ಕೇ. ಅಕ್ಕನ ಮಾತಿನ ದಿಕ್ಕು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

“ಅವ್ವನ ದನಿ ತೆಗ್ದು, ಅದ್ರ ಮೇಲೆ ನಾನ್ ಕೂತ್ಕಂಡ್ ಸೋಬಾನೆ ಹಾಡ್ತೀನಾ?”

“ಬೇಕೂಂತ ಮಾಡ್ದೆ ಅಂದ್ನಾ? ಕೈ ತಪ್ಪಿ ಆಗಿರ್ಬೋದು. ಒಂದ್ ಸಲ ಮೇಲೆ ಸೇವ್ ಆಗ್ಬಿಟ್ರೆ ಹಳೇದು ವಾಪಸ್ ಬರಲ್ಲ ಬಾಲ.”

“ಅದ್ನ ತೆಗ್ದಾಕಿ ವರ್ಸ ಆಯ್ತು.”

“ತೆಗೆಯೋಕ್ ಮುಂಚೆ ಏನ್ ಮಾಡಿದ್ದೆ ಅಂತ ನಿಂಗೆ ನೆನಪಿದ್ಯಾ? ಎಲ್ಲದಕ್ಕೂ ಕೈ ಹಾಕೋದು, ಯಾವ್ದನ್ನೂ ಪೂರ್ತಿ ತಿಳ್ಕೊಳ್ಳೋದಿಲ್ಲ. ಚಿಕ್ಕಂದಿನಿಂದ ಹಿಂಗೇ.”

ಬಾಲರಾಜು ಏನೋ ಹೇಳಲು ಬಾಯಿ ತೆರೆದ. ಕಂಪ್ಯೂಟರನ್ನು ನೋಡಿದ, ಮೇಜನ್ನು ನೋಡಿದ, ಬಾಯಿ ಮುಚ್ಚಿದ. ತೋಳಿನ ಹುಳವನ್ನು ಮೆಲ್ಲಗೆ ಬಿಡಿಸಿಕೊಂಡು ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದ. ನಾಳೆ ಮಗಳ ಹಸೆ ಇರುವ ಮನುಷ್ಯನಿಗೆ ಇವತ್ತು ಇಂಥ ಮಾತು ಆಡಬಾರದಿತ್ತು ಎಂದು ಲತಾಮಣಿಗೆ ತಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಇನ್ನಷ್ಟು ಸಿಟ್ಟು ಬಂತು. ಅಂಗಳದಲ್ಲಿ ಚಪ್ಪರಕ್ಕೆ ಗುಂಡಿ ತೋಡುತ್ತಿದ್ದರು. ಹಾರೆಯ ಒಂದೊಂದು ಏಟೂ ಅವಳ ಹಲ್ಲಿಗೆ ಬಿದ್ದ ಹಾಗಾಗುತ್ತಿತ್ತು.

ಹನ್ನೊಂದೂವರೆಗೆ ಮಕ್ಬೂಲ್ ಬಂದ. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ನಲವತ್ತರ ಆಸುಪಾಸು, ಮಾತಿಗೆ ಮುಂಚೆ ನಗುವ ಮುಖ. ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತುಬಿಟ್ಟ.

“ಒಳಗೆ ಬನ್ನಿ ಮಕ್ಬೂಲ್,” ಎಂದಳು ಲತಾಮಣಿ ಕಿಟಕಿಯಿಂದ.

“ಬ್ಯಾಡಿ ಮೇಡಂ. ಇವತ್ ಶುಕ್ರವಾರ, ಅತ್ತರ್ ಹಾಕ್ಕಂಡೀನಿ. ಹಣ್ಣುಹುಳಕ್ಕೆ ಈ ವಾಸ್ನೆ ಆಗಾಕಿಲ್ಲ. ನಮ್ಮ ಮನೆಯೋರೂ ಮೂರ್ ತಲೆಯಿಂದ ನೂಲು ಬಿಚ್ಚೋರೇ, ನಂಗೊತ್ತಿಲ್ವಾ?”

“ಸಾಬ್ರಿಗೆ ಇರೋ ಗ್ಯಾನ ನಮ್ಮೋರ್ಗೇ ಇಲ್ಲ,” ಎಂದ ದಾಸಪ್ಪ. “ನಿನ್ನೆ ಚಪ್ರದೋನು ಬೀಡಿ ಹಚ್ಕಂಡ್ ಬಾಗ್ಲಿಗೇ ಬಂದಿದ್ದ.”

“ಗೌಡ್ರೇ, ನೀವ್ ಬೀಡಿ ಬುಟ್ಟಿದ್ದು ಯಾವಾಗ?”

“ಹುಳ ಇರೋಗಂಟ ಬುಟ್ಟಿರ್ತೀನಿ ಕಣಪ್ಪ.”

“ಹಂಗಾರೆ ವರ್ಸಕ್ಕೆ ಆರ್ ಸಲ ಬುಡ್ತೀರ.”

ಹೀಗಾಗಿ ವೈದ್ಯ ಮರದ ಕೆಳಗೆ, ರೋಗಿ ಕೋಣೆಯೊಳಗೆ, ನಡುವೆ ಕಿಟಕಿ. ಲತಾಮಣಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಮಕ್ಬೂಲ್ ಗಡ್ಡ ಕೆರೆದುಕೊಂಡ.

“ವಯರ್ ಒಸಿ ಲೂಸ್ ಇರ್ಬೇಕು ನೋಡಿ ಮೇಡಂ. ಜಾಕ್ ಅಲ್ಲಾಡ್ಸಿ.”

“ವಯರ್ ಲೂಸಿದ್ರೆ ಎಲ್ಲಾ ಹೋಗಬೇಕು ಮಕ್ಬೂಲ್. ಕರು ಕೇಳಿಸ್ತಿದೆ, ಬಳೆ ಕೇಳಿಸ್ತಿದೆ. ಇದು ನಮ್ಮವ್ವನ ದನಿ, ಇದನ್ನ ಮಾತ್ರ ಬಿಡಬಾರದು ಅಂತ ಒಂದು ತಂತಿಗೆ ಹೇಗೆ ಗೊತ್ತಾಗುತ್ತೆ?”

ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದಳು. ಮಕ್ಬೂಲ್ ಕೂಡ ವಿದ್ಯಾರ್ಥಿಯ ಹಾಗೆಯೇ ತಲೆ ತಗ್ಗಿಸಿದ.

“ಅದೂ ನಿಜಾನೇ. ಬೇರೆ ಹಾಡ್ ಹಾಕಿ ನೋಡುದ್ರಾ?”

“ನಾದಸ್ವರ ಹಾಕಿದ್ದೆ.”

“ಅದ್ರಲ್ಲಿ ಹಾಡೋರ್ ಎಲ್ಲವ್ರೆ? ಮನುಷ್ಯರ್ ಹಾಡಿರೋದ್ ಹಾಕಿ.”

ಲತಾಮಣಿ ಕಿಟಕಿಯಿಂದ ಮೇಜಿಗೆ ಬಂದಳು. ದನಿ ಕಾಣೆಯಾಗಿದೆ ಎಂದು ಪರೀಕ್ಷೆ ಮಾಡಲು ಹೊರಟವಳು ದನಿಯೇ ಇಲ್ಲದ ಹಾಡು ಆರಿಸಿಕೊಂಡಿದ್ದಳು. ಇದನ್ನು ಮಕ್ಕಳು ಮಾಡಿದ್ದರೆ ದಾಖಲೆ ಪುಸ್ತಕದ ಹಾಳೆಗೆ ಅಡ್ಡಗೆರೆ ಎಳೆಯುತ್ತಿದ್ದಳು. ಬಾಲರಾಜುವಿನ ಸಿನಿಮಾ ಹಾಡೊಂದನ್ನು ಹಾಕಿದಳು. ಪಿಟೀಲು ಬಂತು, ತಬಲ ದೂರದಲ್ಲೆಲ್ಲೋ ಮೊಳಗಿತು, ಹಾಡುವವನ ಜಾಗದಲ್ಲಿ ಬಾವಿಯೊಳಗಿನಿಂದ ಬಂದಂಥ ಒಂದು ಗುಂಯ್ ಎಂಬ ನೆರಳು. ಇನ್ನೊಂದು ಹಾಕಿದಳು. ಅದರಲ್ಲೂ ಹಾಡುವವಳಿಲ್ಲ.

“ಎಲ್ಲದರಲ್ಲೂ ಹೋಗಿದೆ,” ಎಂದಳು ಕಿಟಕಿಗೆ ಬಂದು. ದನಿಯಲ್ಲಿ ಒಂದು ಬಗೆಯ ಖುಷಿ ಇತ್ತು. ಹಾಗಾದರೆ ಫೈಲು ಉಳಿದಿರಬಹುದು.

“ಅದ್ ನೋಡಿ. ಸೌಂಡ್ ಸೆಟ್ಟಿಂಗ್ನಾಗೆ ದನಿ ತೆಗೆಯೋದು ಒಂದಿರ್ತದೆ. ಯಾರೋ ಟಿಕ್ ಹಾಕ್‌ಬುಟ್ಟವ್ರೆ.”

ಹುಡುಕಿದಳು. ಸಿಕ್ಕಿತು. ಟಿಕ್ ಇರಲಿಲ್ಲ. ಹಾಕಿ ತೆಗೆದಳು, ತೆಗೆದು ಹಾಕಿದಳು. ಮಷಿನ್ ಆರಿಸಿ ಮತ್ತೆ ಹಚ್ಚಿದಳು. ಮಕ್ಬೂಲ್ ಹೇಳಿದಂತೆ ಸೌಂಡಿನ ಡ್ರೈವರ್ ತೆಗೆದು ಮತ್ತೆ ಹಾಕಿದಳು. ಪ್ರತಿ ಸಲವೂ ಬಳೆ, ಕೆಮ್ಮು, ಕರು, ಖಾಲಿ, ಸೋಬಾನೆ. ಒಳಗಿನಿಂದ ಬಾಲರಾಜು ಒಮ್ಮೆಯೂ ಇಣುಕಲಿಲ್ಲ. ಚಂದ್ರಿಕೆಗಳನ್ನು ಎತ್ತಿಡುವ ಸದ್ದು ಮಾತ್ರ ಬರುತ್ತಿತ್ತು, ಇರಬೇಕಾದ್ದಕ್ಕಿಂತ ಒಂದಿಷ್ಟು ಜೋರಾಗಿ.

ಹನ್ನೆರಡೂವರೆಗೆ ಮಕ್ಬೂಲ್ ಎದ್ದ. “ನಮಾಜ್ಗೆ ಹೊತ್ತಾಯ್ತು ಮೇಡಂ. ಒಂದ್ ಪೆನ್‌ಡ್ರೈವ್ ಮಡಗ್ತೀನಿ, ಹಾಡು ಅದ್ಕೆ ಕಾಪಿ ಮಾಡಿ ಯಾರ್ ಕೈಲಾದ್ರೂ ಕಳ್ಸಿ. ನಮ್ಮಂಗಡೀಲಿ ಹಾಕಿ ನೋಡ್ತೀನಿ. ಅಲ್ಲಿ ಹಾಡುದ್ರೆ ಈ ಮಷಿನ್ದೇ ತೊಂದ್ರೆ. ಅಲ್ಲೂ ಇಲ್ಲ ಅಂದ್ರೆ...” ಮುಂದಿನದನ್ನು ಹೇಳದೆ ಬೈಕು ಹತ್ತಿದ.

ಅದು ಸರಿಯಾದ ಪರೀಕ್ಷೆ. ಮನೆಯಲ್ಲಿದ್ದ ಫೋನಿನ ಕೇಬಲುಗಳೆಲ್ಲ ಚಾರ್ಜಿಗೆ ಮಾತ್ರ ಬರುವಂಥವು. ಇಲ್ಲದಿದ್ದರೆ ಬೆಳಿಗ್ಗೆಯೇ ಅವಳು ಇದನ್ನು ಮಾಡಿ ನೋಡುತ್ತಿದ್ದಳು. ಮೌಸಿನ ತಂತಿ ಕಿತ್ತು ಜಾಗ ಮಾಡಿಟ್ಟು, ಪೆನ್‌ಡ್ರೈವ್ ತರಲು ಹೊರಗೆ ಹೊರಟಳು. ಅದನ್ನು ಮಕ್ಬೂಲ್ ಗೋಡೆಯ ಮೇಲೆ ಇಟ್ಟಿದ್ದ. ಅವಳು ಚಪ್ಪಲಿ ಹುಡುಕುವಷ್ಟರಲ್ಲಿ ದಾಸಪ್ಪ ತಾನೇ ಎದ್ದು ಹೋಗಿ ತಂದಿದ್ದ.

“ಹೊರಗಿನ ಸಾಮಾನು,” ಎನ್ನುತ್ತ ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿದ.

ಲತಾಮಣಿ ಬಾಯಿ ತೆರೆಯುವ ಹೊತ್ತಿಗೆ ಅವನು ಅದನ್ನು ಬಟ್ಟೆ ತೊಳೆಯುವವನ ಹಾಗೆ ಎರಡು ಸಲ ಜಾಲಾಡಿಸಿ, ನೀರು ಕೊಡವಿ, ಮಗಳ ಕೈಗೆ ಕೊಟ್ಟ.

“ಅಪ್ಪ, ಏನ್ ಮಾಡ್ದೆ?”

“ಯಾಕೆ? ಅವನ್ ಕೈಲಿ ಅತ್ತರಿತ್ತು.”

“ಇದು ನೀರಿಗೆ ಹಾಕೋ ಸಾಮಾನಲ್ಲ. ಅದೂ ಬ್ಲೀಚಿಂಗ್ ನೀರು. ತಾಮ್ರ ಕಬ್ಬಿಣ ಎಲ್ಲಾ ತಿಂದು ಹಾಕುತ್ತೆ ಇದು.”

“ತಿಂದ್ರೆ ತಿನ್ಲಿ. ರೋಗಾನೂ ತಿಂತದೆ,” ಎಂದ ದಾಸಪ್ಪ, ಸ್ವಲ್ಪವೂ ವಿಚಲಿತನಾಗದೆ. “ಈ ಮನೇನೇ ಅದ್ರಲ್ಲಿ ತೊಳ್ದಿಲ್ವಾ? ಮರಿ ತರೋಕ್ ಮುಂಚೆ ಗೋಡೆ, ಸೂರು, ತಟ್ಟೆ ಎಲ್ಲಕ್ಕೂ ಹೊಡ್ದು, ಬಾಗ್ಲು ಕಿಟಕಿ ಹಾಕಿ ಒಂದ್ ದಿನ ಹಂಗೇ ಬುಟ್ಟಿದ್ದೋ. ಕಣ್ಣು ಬುಡಕ್ಕಾಯ್ತಿರ್ಲಿಲ್ಲ, ಅಷ್ಟು ಗಾಟು. ನಿನ್ ಪೆಟ್ಗೆಗೇನಾಯ್ತು? ಅದ್ರ ಮೇಲೆ ದುಪ್ಪಟಿ ಹೊದ್ಸಿದ್ದೆ.”

ಲತಾಮಣಿಯ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಟ್ಟೆಯ ಹೊದಿಕೆ ಗಾಳಿಯನ್ನು ತಡೆಯುವುದಿಲ್ಲ. ಇಡೀ ಒಂದು ದಿನ, ಮುಚ್ಚಿದ ಕೋಣೆ, ಒದ್ದೆ ಗಾಳಿಯ ತುಂಬ ಕ್ಲೋರಿನ್. ಆಮೇಲೆ ಇಪ್ಪತ್ತೈದು ದಿನ ಅದು ತನ್ನ ಕೆಲಸ ಮಾಡಿಕೊಂಡೇ ಇದೆ.

ಒಳಗೆ ಬಂದು ಫೋನಿನ ಬೆಳಕು ಹಿಡಿದು ಪೆಟ್ಟಿಗೆಯ ಹಿಂಬದಿ ನೋಡಿದಳು. ಇಷ್ಟು ಹೊತ್ತಿನಲ್ಲಿ ಒಮ್ಮೆಯೂ ಅಲ್ಲಿ ಬಗ್ಗಿ ನೋಡಿರಲಿಲ್ಲ, ಕೈಯಾಡಿಸಿ ಸಿಕ್ಕಿಸಿದ್ದಳು ಅಷ್ಟೆ. ತಿರುಪುಗಳ ತಲೆಯೆಲ್ಲ ಕಂದು ತುಕ್ಕು. ಸ್ಪೀಕರಿನ ಜಾಕ್ ಹೋಗುವ ತೂತಿನ ಅಂಚಿನಲ್ಲಿ ಹಸಿರು ಪಾಚಿಯಂಥ ಪುಡಿ. ಜಾಕನ್ನು ಎಳೆದು ನೋಡಿದಳು. ಅದರ ಬುಡದ ಉಂಗುರಕ್ಕೂ ಅದೇ ಹಸಿರು ಅಂಟಿತ್ತು. ರಬ್ಬರಿನಿಂದ ಉಜ್ಜಿ, ಒರೆಸಿ, ಮತ್ತೆ ಸಿಕ್ಕಿಸಿ, ಕೀಬೋರ್ಡಿನ ಗುಂಡಿ ಒತ್ತಿ ಹಾಡು ಹಚ್ಚಿದಳು.

ಬಳೆ, ಕೆಮ್ಮು, ಕರು, ಖಾಲಿ.

ಖಾಲಿಯ ನಡುವೆ, ಏನು ಮಾಡುವುದೆಂದು ತೋಚದೆ, ಜಾಕಿನ ಬೆನ್ನನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದಳು.

“...ನೆರಳಿಗೆ ಹಸೆಗೆ ಬಾರೆ ವನಜಾಕ್ಷಿ” ಎಂದಿತು ಅವ್ವನ ದನಿ. ಅಷ್ಟು ಹತ್ತಿರದಿಂದ, ಅಷ್ಟು ದಪ್ಪವಾಗಿ ಬಂತೆಂದರೆ ಅಂಗಳದಲ್ಲಿ ಹಾರೆ ನಿಂತಿತು. ಲತಾಮಣಿ ಬೆಚ್ಚಿ ಬೆರಳು ತೆಗೆದಳು. ದನಿ ಹೋಯಿತು. ಹೆಂಗಸರು ಸೋಬಾನೆ ಎಂದರು. ಮತ್ತೆ ಒತ್ತಿದಳು, ಬಂತು. ಬಿಟ್ಟಳು, ಹೋಯಿತು.

ಅವಳು ನೆಲದ ಮೇಲೆಯೇ ಕೂತಳು. ಎರಡು ಸ್ಪೀಕರಿಗೆ ಕರೆಂಟು ಹೋಗಲು ಎರಡು ದಾರಿ, ಹಿಂತಿರುಗಿ ಬರಲು ಎರಡಕ್ಕೂ ಸೇರಿ ಒಂದೇ ದಾರಿ. ಆ ಹಿಂತಿರುಗುವ ದಾರಿ ಹಸಿರು ತುಕ್ಕು ತಿಂದು ಕಡಿದುಹೋಗಿತ್ತು. ಆಗ ಎಡದಿಂದ ಹೊರಟದ್ದು ಬಲದ ಮೂಲಕವೇ ಹಿಂತಿರುಗಬೇಕು. ಎರಡರಲ್ಲೂ ಸಮನಾಗಿರುವುದು ಒಂದಕ್ಕೊಂದು ಎದುರು ತಳ್ಳಿಕೊಂಡು ಸತ್ತುಹೋಗುತ್ತದೆ. ಎಡಕ್ಕೊಂದು ಬಲಕ್ಕೊಂದು ಬೇರೆಯಾಗಿ ಇದ್ದದ್ದು ಮಾತ್ರ ಉಳಿಯುತ್ತದೆ. ಸಾಲಾಗಿ ಎರಡು ಬದಿಗೆ ಕೂತಿದ್ದ ಹೆಂಗಸರು ಉಳಿದರು. ಹೊರಗೆ ಒಂದು ಕಡೆ ಕಟ್ಟಿದ್ದ ಕರು ಉಳಿಯಿತು. ಸರಿಯಾಗಿ ನಡುವೆ ಕೂತವಳು ಹೋದಳು. ಸಿನಿಮಾ ಹಾಡಿನಲ್ಲಿ ಹಾಡುವವರನ್ನು ನಡುವೆಯೇ ಇಟ್ಟಿರುತ್ತಾರೆ, ಅವರೂ ಹೋದರು. ತಂತಿಗೆ ಅವ್ವನ ಗುರುತು ಬೇಕಾಗಿರಲಿಲ್ಲ.

ಅವ್ವನನ್ನು ಸರಿಯಾಗಿ ನಡುವೆ ಕೂರಿಸಿದವಳು ಲತಾಮಣಿಯೇ. ಆ ದಿನ ಟೈಲರ್ ಟೇಪು ತಂದು ರೆಕಾರ್ಡರಿನ ಎರಡು ಮೈಕುಗಳಿಂದಲೂ ಅಳೆದಿದ್ದಳು. ‘ಬಲಕ್ಕೆ ಇನ್ನೊಂದು ಇಂಚು ಸರಿ ಅವ್ವ’ ಎಂದಿದ್ದಳು. ಹೆಂಗಸರು ನಕ್ಕಿದ್ದರು. ಒಂದು ಗೇಣು ಆಚೆಗೆ ಕೂತಿದ್ದರೂ ಇವತ್ತು ಅವ್ವ ಒಂದಿಷ್ಟಾದರೂ ಉಳಿದಿರುತ್ತಿದ್ದಳು.

ಇನ್ನೊಂದು ವಿಷಯವೂ ಆಗಲೇ ನೆನಪಿಗೆ ಬಂತು. ಬಣ್ಣದವರು ಬರುವ ಮುಂಚೆ ಬಾಲರಾಜು ಫೋನ್ ಮಾಡಿ, ಕಂಪ್ಯೂಟರ್ ಎಲ್ಲಿಡಲಿ ಅಕ್ಕ ಎಂದು ಕೇಳಿದ್ದ. ಹುಳದ ಮನೆಯಲ್ಲಿಡು, ಅಲ್ಲಿ ಧೂಳಿಲ್ಲ, ಇಲಿ ಇಲ್ಲ, ಮನೆಗಿಂತ ಅದೇ ಚೊಕ್ಕಟ ಎಂದವಳು ಅವಳು.

ಎದ್ದು ಒಳಗೆ ಹೋದಳು. ಬಾಲರಾಜು ಬೆನ್ನು ತಿರುಗಿಸಿ ಹುಳ ಆರಿಸುತ್ತಿದ್ದ. ಅವನ ಪಕ್ಕದಲ್ಲಿ ನಿಂತು ಅವಳೂ ಆರಿಸತೊಡಗಿದಳು. ಹಳದಿಯಾದದ್ದನ್ನು ನೋಡಿ ಎತ್ತಿ, ಚಂದ್ರಿಕೆಯ ಸುರುಳಿಯ ಸಂದಿಗೆ ಬಿಡುವುದು. ಕೈ ಮರೆತಿರಲಿಲ್ಲ.

“ದನಿ ಬಂತಲ್ಲ,” ಎಂದ ಅವನು, ಮುಖ ಎತ್ತದೆ.

“ಹೂಂ. ಜಾಕಿನ ತೂತು ತುಕ್ಕು ಹಿಡಿದಿತ್ತು. ಬ್ಲೀಚಿಂಗ್ ಗಾಳಿಗೆ.” ಇನ್ನೂ ಎರಡು ಹುಳ ಎತ್ತಿಬಿಟ್ಟಳು. “ಇಲ್ಲಿಡು ಅಂದೋಳು ನಾನೇ ಕಣೋ ಬಾಲ.”

“ಗೊತ್ತು.”

“ಗೊತ್ತಿದ್ದೂ ಬೆಳಿಗ್ಗೆ ಯಾಕ್ ಸುಮ್ಮನಿದ್ದೆ?”

“ಹೇಳಿದ್ರೆ ನೀನು ಇನ್ನೂ ನಾಕ್ ಮಾತಾಡ್ತಿದ್ದೆ. ಹುಳ ನೋಡು, ಅಂಚಿಗ್ ಬಂದವೆ. ನಿನ್ ಜೊತೆ ಜಗಳ ಆಡ್ತಾ ನಿಂತ್ರೆ ಇವು ನೆಲಕ್ಕ್ ಬೀಳ್ತವೆ.”

“ತಪ್ಪಾಯ್ತು.”

“ಆಯ್ತ್ ಬುಡು. ಅದು ಹಸ್ರು, ಅದ್ನ ಎತ್ಬ್ಯಾಡ. ಇನ್ನೊಂದಿನ ಬೇಕು ಅದ್ಕೆ,” ಎಂದು ಅವಳ ಬೆರಳ ಸಂದಿಯಿಂದ ಹುಳವನ್ನು ಬಿಡಿಸಿ ತಟ್ಟೆಗೆ ಹಾಕಿದ. “ಓದ್ದೋಳು.”

ಮೂರು ಗಂಟೆಗೆ ಮಕ್ಬೂಲ್ ಇನ್ನೊಂದು ಪೆನ್‌ಡ್ರೈವ್ ತಂದ. ದಾಸಪ್ಪ ಅದಕ್ಕೂ ಕೈ ಚಾಚಿದ. ಲತಾಮಣಿ ಗೇಟಿನವರೆಗೆ ಓಡಿಹೋಗಿ ತಾನೇ ಇಸಿದುಕೊಂಡಳು. ಕಾಪಿ ಮುಗಿಯುವವರೆಗೆ ಪರದೆಯನ್ನೇ ನೋಡಿದಳು. ಮಕ್ಬೂಲ್ ಅದನ್ನು ತನ್ನ ಪುಟ್ಟ ಸ್ಪೀಕರಿಗೆ ಸಿಕ್ಕಿಸಿದ. ಹೊಂಗೆ ಮರದ ಕೆಳಗೆ ಮುನಿಯಮ್ಮ ಮೊದಲಿನಿಂದ ಹಾಡಿದಳು.

“ವಯರ್ ಅಂದಿದ್ದೆ ನಾನು,” ಎಂದ ಮಕ್ಬೂಲ್, ಮರವನ್ನು ನೋಡುತ್ತ.

“ಅಂದಿದ್ರಿ,” ಎಂದಳು ಲತಾಮಣಿ.

ಸಂಜೆ ಸೊಪ್ಪಿನ ಹೊರೆ ಇಳಿಸಿ ಮುನಿಯಮ್ಮ ಬಂದಳು. ಕಾಲು ಅದ್ದಿ ಒಳಗೆ ಬಂದು ಮಣೆಯ ಮೇಲೆ ಕೂತಳು. ಅಷ್ಟರಲ್ಲಿ ಲತಾಮಣಿ ಒಂದು ರಬ್ಬರ್ ಬ್ಯಾಂಡ್ ಎಳೆದು ಜಾಕು ಪಕ್ಕಕ್ಕೆ ಒತ್ತಿಕೊಂಡೇ ಇರುವ ಹಾಗೆ ಬಿಗಿದಿದ್ದಳು. ಹಾಡು ಹಚ್ಚಿದಳು. ಅವ್ವ ತನ್ನ ದನಿಯನ್ನು ತಲೆ ಓರೆ ಮಾಡಿಕೊಂಡು ಕೇಳಿದಳು, ಇನ್ಯಾರೋ ಹಾಡುವುದನ್ನು ಪರೀಕ್ಷೆ ಮಾಡುವವಳ ಹಾಗೆ. ತುಟಿ ಆಡುತ್ತಿತ್ತು. ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಲು ಬಂದಿದ್ದ ಹೆಂಗಸರು ಅಂಗಳದಿಂದಲೇ ಸೋಬಾನೆ ಸೇರಿಸಿದರು.

‘ಹಾಲಗಂಬದ ನೆರಳಿಗೆ ಹಸೆಗೆ ಬಾರೆ ವನಜಾಕ್ಷಿ’ ಬಂದಾಗ ಅವ್ವನ ಮುಖ ಸಿಂಡರಿಸಿತು.

“ಅದನ್ನ ಬಿಟ್ರೆ ಎಲ್ಲಾ ಸರಿಯಿದೆಯಲ್ಲ ಅವ್ವ?”

ಮುನಿಯಮ್ಮ ಬಗ್ಗಿ ಪೆಟ್ಟಿಗೆಯ ಹಿಂದೆ ನೋಡಿದಳು. ರಬ್ಬರ್ ಬ್ಯಾಂಡನ್ನು ಬೆರಳಿನಿಂದ ಮೀಟಿದಳು. ದನಿ ಹೋಗಿ ಬಂತು. ಇನ್ನೊಮ್ಮೆ ಮೀಟಿದಳು. ಆಮೇಲೆ ರಬ್ಬರ್ ಬ್ಯಾಂಡನ್ನು ಪೂರ್ತಿ ತೆಗೆದು ಮಣಿಕಟ್ಟಿಗೆ ಹಾಕಿಕೊಂಡು, ತನ್ನ ತೋರುಬೆರಳನ್ನೇ ಜಾಕಿನ ಮೇಲೆ ಒತ್ತಿ ಹಿಡಿದು, ಹಿಂದಕ್ಕೆ ಹಾಕು ಎಂದು ಸನ್ನೆ ಮಾಡಿದಳು.

ಲತಾಮಣಿ ಹಿಂದಕ್ಕೆ ಹಾಕಿದಳು. ಹಾಲಗಂಬದ ನೆರಳಿಗೆ, ಹಸೆಗೆ ಬಾರೆ. ಅಲ್ಲಿಗೆ ಸರಿಯಾಗಿ ಅವ್ವ ಬೆರಳು ಎತ್ತಿದಳು. ವನಜಾಕ್ಷಿ ಇರಬೇಕಾದ ಜಾಗ ಖಾಲಿಯಾಯಿತು. ಆ ಖಾಲಿಯೊಳಗೆ ಅವಳು ಗಾಳಿಯ ದನಿಯಲ್ಲಿ ‘ಪ್ರತಿಮಾ’ ಎಂದಳು. ಮಗಳಿಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ. ಬೆರಳು ಮತ್ತೆ ಕೂತಿತು; ಹೆಂಗಸರು ಸೋಬಾನೆ ಎಂದರು.

“ಹೊರಗೆ ಯೋಳ್ಬುಡು,” ಎಂದಳು ಮುನಿಯಮ್ಮ, ಉಸಿರಿನಲ್ಲಿ. “ನಾ ಬುಟ್ಟ ಜಾಗ್ದಲ್ಲಿ ಮಗೀನ ಹೆಸ್ರು ಅವ್ರು ತುಂಬ್ಲಿ.”

“ಪೆನ್‌ಡ್ರೈವ್‌ನಲ್ಲಿ ಹಾಕಿದ್ರೆ ನಿನಗೆ ಇಲ್ಲಿ ಕೂರೋ ತಾಪತ್ರಯ ಇಲ್ಲವ್ವ. ಹೆಸರನ್ನ ನಾನು ರಾತ್ರಿಯೇ ಕತ್ತರಿಸಿ ಕೊಡ್ತೀನಿ, ಈಗ ಭಯ ಇಲ್ಲ.”

ಮುನಿಯಮ್ಮ ತಲೆಯಾಡಿಸಿದಳು. “ಅದು ಬೀರೂನಾಗ್ ಮಡಗು. ನಾಳೀಕೆ ನಾನೇ ಕೂತ್ಕತೀನಿ.” ಬೆರಳನ್ನು ಜಾಕಿನಿಂದ ಎತ್ತಲಿಲ್ಲ. “ಮೊದ್ಲಿಂದ ಹಾಕು. ಹೊರಗಿನವು ಒಂದ್ ಕಡೆ ದನಿ ಎಳ್ದು ಎಳ್ದು ತಡ ಮಾಡ್ತವೆ, ಬೈಬೇಕು.”

ಲತಾಮಣಿ ಮೊದಲಿನಿಂದ ಹಾಕಿ, ಹೆಸರಿನ ವಿಷಯ ಹೇಳಲು ಅಂಗಳಕ್ಕೆ ಹೊರಟಳು. ಬಾಗಿಲಲ್ಲಿ ದಾಸಪ್ಪ ಬಕೆಟ್ಟನ್ನು ಅವಳ ಕಡೆ ಸರಿಸಿದ.

“ವಾಪಸ್ ಬರಾಗ ಕಾಲು,” ಎಂದ.